ಹೊಲಿಗೆ ಬಿಚ್ಚಿದ ಮೇಲೆ

ಬೆನ್ನಿನ ಡಿಸ್ಕ್ ಆಪರೇಷನ್ ಬಗ್ಗೆ ನಮ್ಮಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ. ಒಂದು ಆಸ್ಪತ್ರೆಯ ಕಡೆಯಿಂದ ಬರುವುದು: ಗಾಯ ಎರಡು ಸೆಂಟಿಮೀಟರ್ ಇದ್ದರೆ ಹೆಚ್ಚು, ಬೆಳಗ್ಗೆ ಆಪರೇಷನ್, ಸಂಜೆಗೆ ನಡೆಸುತ್ತೇವೆ, ನಾಳೆ ಮನೆಗೆ, ಎರಡು ವಾರಕ್ಕೆ ಕೆಲಸಕ್ಕೆ. ಇನ್ನೊಂದು ಮನೆಯ ಕಡೆಯಿಂದ ಬರುವುದು: ಬೆನ್ನುಮೂಳೆಗೆ ಕತ್ತರಿ ಬಿದ್ದ ಮೇಲೆ ಮೂರು ತಿಂಗಳು ಮಲಗಿಯೇ ಇರಬೇಕು, ಆಮೇಲೂ ಜನ್ಮವಿಡೀ ಬಗ್ಗಬಾರದು, ಭಾರ ಎತ್ತಬಾರದು, ನೆಲದ ಮೇಲೆ ಕೂರಬಾರದು. ಎರಡೂ ಮಾತು ಒಂದೇ ವಾರದಲ್ಲಿ ಒಬ್ಬರದೇ ಕಿವಿಗೆ ಬೀಳುತ್ತವೆ. ಮೊದಲನೆಯದನ್ನು ನಂಬಿ ಆಪರೇಷನ್ನಿಗೆ ಸಹಿ ಹಾಕುತ್ತಾರೆ, ಎರಡನೆಯದನ್ನು ನಂಬಿ ಹಾಸಿಗೆ ಹಿಡಿಯುತ್ತಾರೆ.

ಮೇಲ್ನೋಟಕ್ಕೆ ಇವು ಒಂದಕ್ಕೊಂದು ಎದುರು. ನನ್ನ ಪ್ರಕಾರ ಎರಡರ ತಪ್ಪೂ ಒಂದೇ. ಆಸ್ಪತ್ರೆಯ ಮಾತು ಗಾಯವನ್ನು ನೋಡಿ ಚಿಕ್ಕದು ಎನ್ನುತ್ತದೆ. ಮನೆಯ ಮಾತು ಅದೇ ಗಾಯವನ್ನು ನೋಡಿ ಬೆನ್ನುಮೂಳೆಯದಲ್ಲವೇ ಎಂದು ಹೆದರುತ್ತದೆ. ಚೇತರಿಕೆಗೆ ಎಷ್ಟು ಕಾಲ ಬೇಕು ಎಂಬುದು ಆ ಗಾಯದಲ್ಲಿ ಬರೆದಿಲ್ಲ. ಅದನ್ನು ತೀರ್ಮಾನಿಸುವುದು ಒಳಗೆ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ, ಅದುಮಿಸಿಕೊಂಡು ಕೂತಿದ್ದ ನರ ಮತ್ತು ತೂತು ಹಾಗೆಯೇ ಉಳಿದಿರುವ ಡಿಸ್ಕ್. ಅವುಗಳ ಕಾಲ ಜಾಹೀರಾತು ಹೇಳುವುದಕ್ಕಿಂತ ಉದ್ದ. ಆದರೆ ಆ ಉದ್ದದ ಕಾಲವನ್ನು ಕಳೆಯಬೇಕಾದದ್ದು ಮಲಗಿಕೊಂಡಲ್ಲ, ಓಡಾಡಿಕೊಂಡು.

ಆಪರೇಷನ್ನಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಮಾಡಿಸಿಕೊಂಡವರಲ್ಲೇ ಬಹಳ ಜನಕ್ಕೆ ಇದು ಸ್ಪಷ್ಟವಿಲ್ಲ. ಬೆನ್ನಿನ ಮಣಿಗಳ ನಡುವೆ ಇರುವ ಡಿಸ್ಕಿಗೆ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ಹೋಳಿಗೆಯ ಕಣಕ ಒಂದು ಕಡೆ ಹರಿದು ಹೂರಣ ಆಚೆ ಬಂದ ಹಾಗೆ, ನಾರಿನ ಸುತ್ತು ಬಿರಿದಲ್ಲಿ ತಿರುಳು ಹೊರಗೆ ಬಂದು ಪಕ್ಕದಲ್ಲಿ ಹಾದುಹೋಗುವ ನರದ ಬೇರನ್ನು ಒತ್ತುತ್ತದೆ. ಸಾಮಾನ್ಯವಾಗಿ ಇದಾಗುವುದು ಸೊಂಟದ ಕೆಳಗಿನ ಎರಡು ಡಿಸ್ಕುಗಳಲ್ಲಿ, ವೈದ್ಯರ ಲೆಕ್ಕದಲ್ಲಿ ಎಲ್4–ಎಲ್5 ಮತ್ತು ಎಲ್5–ಎಸ್1. ಅಲ್ಲಿಂದ ಹೊರಟ ನರ ಪೃಷ್ಠ, ತೊಡೆ, ಮೀನಖಂಡ ದಾಟಿ ಪಾದದವರೆಗೂ ಹೋಗುತ್ತದೆ. ಆದ್ದರಿಂದಲೇ ಕೆಡುಕು ಬೆನ್ನಿನಲ್ಲಿದ್ದರೂ ಬೆಂಕಿ ಹತ್ತಿದಂತಾಗುವುದು ಕಾಲಿಗೆ.

ಶಸ್ತ್ರವೈದ್ಯರು ನರವನ್ನು ಒತ್ತುತ್ತಿರುವ ಆ ತುಣುಕನ್ನೂ ಅದರ ಜೊತೆ ಸಡಿಲವಾಗಿರುವುದನ್ನೂ ತೆಗೆಯುತ್ತಾರೆ. ಡಿಸ್ಕನ್ನು ಪೂರ್ತಿ ತೆಗೆಯುವುದಿಲ್ಲ. ಹೊಸದನ್ನು ಹಾಕುವುದಿಲ್ಲ. ಹರಿದ ನಾರಿನ ಸುತ್ತನ್ನು ಸಾಮಾನ್ಯವಾಗಿ ಹೊಲಿಯುವುದೂ ಇಲ್ಲ; ಅದು ತಾನಾಗಿ, ನಿಧಾನವಾಗಿ, ಕಲೆಗಟ್ಟಿ ಮುಚ್ಚಿಕೊಳ್ಳಬೇಕು. ಡಿಸ್ಕಿಗೆ ನೇರ ರಕ್ತಸಂಚಾರ ಇಲ್ಲದಿರುವುದರಿಂದ ಆ ಮುಚ್ಚಿಕೊಳ್ಳುವಿಕೆ ಚರ್ಮದ ಗಾಯದ ಹಾಗೆ ಹತ್ತು ದಿನದ ಮಾತಲ್ಲ. ಎಂದರೆ ಆಪರೇಷನ್ ಥಿಯೇಟರಿನಿಂದ ಹೊರಬಂದ ರೋಗಿಯ ನರಕ್ಕೆ ಬಿಡುಗಡೆ ಸಿಕ್ಕಿರುತ್ತದೆ, ಡಿಸ್ಕ್ ಮಾತ್ರ ಹರಿದ ಡಿಸ್ಕಾಗಿಯೇ ಇರುತ್ತದೆ. ಈ ಒಂದು ಸಂಗತಿಯನ್ನು ಆಪರೇಷನ್ನಿಗೆ ಮೊದಲು ನಿಧಾನವಾಗಿ, ಚಿತ್ರ ಬರೆದು ಹೇಳಿದರೆ ಆಮೇಲಿನ ಅರ್ಧ ಗೊಂದಲ ಇರುವುದಿಲ್ಲ.

ಈ ಶಸ್ತ್ರಚಿಕಿತ್ಸೆಗೆ ತೊಂಬತ್ತು ವರ್ಷ ದಾಟಿದ ಚರಿತ್ರೆಯಿದೆ. ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ, ಕಾಲಿನ ಈ ನೋವಿಗೆ ಹರಿದ ಡಿಸ್ಕ್ ಕಾರಣವಾಗಬಹುದು, ಅದನ್ನು ತೆಗೆದರೆ ನೋವು ಹೋಗುತ್ತದೆ ಎಂದು ಪ್ರಕಟಿಸಿದರು. ಆಗ ಬೆನ್ನನ್ನು ಉದ್ದಕ್ಕೆ ಕೊಯ್ದು, ಸ್ನಾಯು ಬಿಡಿಸಿ, ಮಣಿಯ ಹಿಂಭಾಗದ ಮೂಳೆಯನ್ನು ಅಗಲವಾಗಿ ತೆಗೆದು ಒಳಗೆ ಹೋಗುತ್ತಿದ್ದರು. 1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕವನ್ನು ತಂದರು, ಕೊಯ್ತ ಚಿಕ್ಕದಾಯಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಸ್ನಾಯುವನ್ನು ಕತ್ತರಿಸದೆ ಸರಿಸಿಕೊಂಡು ಇಳಿಯುವ ಕೊಳವೆಯ ವಿಧಾನವನ್ನು ವಿವರಿಸಿದರು. ಈಗ ಎಂಡೋಸ್ಕೋಪು ಒಂದು ಸೆಂಟಿಮೀಟರಿಗೂ ಕಡಿಮೆ ಗಾಯದಲ್ಲಿ ಕೆಲಸ ಮುಗಿಸುತ್ತದೆ. ಇಷ್ಟೂ ಕಾಲ ಕಿರಿದಾಗುತ್ತ ಬಂದದ್ದು ಡಿಸ್ಕಿನವರೆಗೆ ಹೋಗುವ ದಾರಿ. ಅಲ್ಲಿ ತಲುಪಿದ ಮೇಲೆ ಮಾಡುವ ಕೆಲಸ ಹೆಚ್ಚುಕಡಿಮೆ ಮೊದಲಿನದೇ. ದಾರಿ ಕಿರಿದಾದದ್ದಕ್ಕೆ ಪೂರ್ತಿ ಚೇತರಿಕೆಯೂ ಕಿರಿದಾಗಿದೆ ಎಂದು ಹೇಳಿದಲ್ಲೇ ತಪ್ಪಿದ್ದು.

ಇದು ಬರೀ ತರ್ಕವಲ್ಲ. ನೆದರ್‌ಲ್ಯಾಂಡ್ಸಿನ ವೈದ್ಯರು 328 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಳವೆಯ ವಿಧಾನ, ಇನ್ನೊಂದಕ್ಕೆ ಸೂಕ್ಷ್ಮದರ್ಶಕದ ಹಳೆಯ ವಿಧಾನ ಅನುಸರಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಕೊಳವೆಯವರು ದಿನನಿತ್ಯದ ಚಟುವಟಿಕೆಯಲ್ಲಿ ಮುಂದೇನೂ ಇರಲಿಲ್ಲ, ಕಾಲು ನೋವು, ಬೆನ್ನು ನೋವಿನ ವಿಷಯದಲ್ಲಿ ಸ್ವಲ್ಪ ಹಿಂದೆಯೇ ಇದ್ದರು. 2014ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಮೀಕ್ಷೆಯೂ, ಕಿರುಗಾಯದ ವಿಧಾನಗಳಲ್ಲಿ ಸೋಂಕು ಕಡಿಮೆ ಇರಬಹುದು, ಆದರೆ ನೋವು ಇಳಿಯುವುದರಲ್ಲಿ ಅವು ಹಳೆಯದಕ್ಕಿಂತ ಮೇಲು ಎನ್ನಲು ಆಧಾರವಿಲ್ಲ, ಬಹುಶಃ ತುಸು ಕೆಳಗೇ ಎಂದಿತು. ಆ ಮೇಲೆ ಎಂಡೋಸ್ಕೋಪ್ ಸುಧಾರಿಸಿತು. 2022ರ ಇನ್ನೊಂದು ಡಚ್ ಪ್ರಯೋಗದಲ್ಲಿ ಅದು ಸೂಕ್ಷ್ಮದರ್ಶಕದ ವಿಧಾನಕ್ಕೆ ಕಡಿಮೆಯಿಲ್ಲ ಎಂದು ಗಟ್ಟಿಯಾಗಿ ತಿಳಿಯಿತು.

ಆದ್ದರಿಂದ ನನ್ನ ತಕರಾರು ಈ ಆಪರೇಷನ್ನಿನ ಮೇಲಲ್ಲ. ನಾನೂ ಮಾಡಿಸಿಕೊಂಡವಳು, ರಾತ್ರಿಯೆಲ್ಲ ಕಾಲು ಎಲ್ಲಿಡುವುದೆಂದು ತಿಳಿಯದೆ ಕುರ್ಚಿಗೆ ಆತು ಬೆಳಗು ಮಾಡಿದವಳಿಗೆ, ಆ ನೋವು ಒಂದೇ ಮಧ್ಯಾಹ್ನದಲ್ಲಿ ಇಳಿದುಹೋದದ್ದು ಎಂಥ ಉಪಕಾರವೆಂದು ಗೊತ್ತು. ರಕ್ತ ಕಡಿಮೆ ಹೋಗುತ್ತದೆ, ಸ್ನಾಯು ಉಳಿಯುತ್ತದೆ, ಆಸ್ಪತ್ರೆಯ ವಾಸ ಮೊಟಕಾಗುತ್ತದೆ. ಇದೆಲ್ಲ ನಿಜವಾದ ಲಾಭ. ತಕರಾರು ಇರುವುದು ಆ ಲಾಭದ ಜೊತೆಗೆ ಸೇರಿಸಿ ಕೊಡುವ ಭರವಸೆಯ ಮೇಲೆ. ಎರಡು ವಾರಕ್ಕೆ ಎಲ್ಲ ಸರಿ ಎಂದು ಕೇಳಿಸಿಕೊಂಡವರು ಮೂರನೆಯ ವಾರ ಮತ್ತೆ ಕಾಲು ಸೆಳೆದಾಗ, ಆಪರೇಷನ್ ಕೆಟ್ಟಿತು ಎಂದೇ ನಂಬುತ್ತಾರೆ.

ಆ ಮೂರನೆಯ ವಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಪರೇಷನ್ನಿನಿಂದ ಎದ್ದ ಹೊತ್ತಿಗೆ ಕಾಲಿನ ನೋವು ಹೋಗಿರುತ್ತದೆ, ಅಥವಾ ಬಹಳ ಇಳಿದಿರುತ್ತದೆ. ಮೊದಲ ದಿನಗಳ ಮಾತ್ರೆಗಳೂ ಜೊತೆಗಿರುತ್ತವೆ. ಮಾತ್ರೆ ನಿಂತು, ಓಡಾಟ ಹೆಚ್ಚಾಗಿ, ಒಳಗಿನ ಗಾಯ ಮಾಯುವಾಗ ಸುತ್ತ ಊತ ಬಂದು, ಈಗಾಗಲೇ ಕೆರಳಿದ್ದ ನರ ಮತ್ತೊಮ್ಮೆ ಕೆರಳುವುದು ಅಪರೂಪವಲ್ಲ. ಹಳೆಯ ದಾರಿಯಲ್ಲೇ ಮಿಂಚು ಹರಿದ ಹಾಗೆ ಆಗುತ್ತದೆ, ಕೆಲವು ದಿನ ಇದ್ದು ಇಳಿಯುತ್ತದೆ. ಮೊದಲೇ ಹೇಳಿದ್ದರೆ ಇದು ಸಹಿಸಬಹುದಾದ ಸಂಗತಿ. ಹೇಳದಿದ್ದರೆ ಮನೆಯವರೆಲ್ಲ ಕೂಡಿ ಎಂಆರ್‌ಐಗೆ ಓಡುತ್ತಾರೆ. ಆಪರೇಷನ್ ಆದ ಹೊಸದರಲ್ಲಿ ತೆಗೆದ ಎಂಆರ್‌ಐ ಓದುವುದು ಪರಿಣತರಿಗೂ ಕಷ್ಟ. ಊತ, ಕಲೆಗಟ್ಟುತ್ತಿರುವ ಅಂಗಾಂಶ ಎಲ್ಲ ಸೇರಿ ಹೊರಬಂದ ತುಣುಕು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ ತೋರುತ್ತದೆ. ಆ ವರದಿಯ ಒಂದು ಸಾಲು ಸಾಕು, ಮನೆಯ ಮಾತಿಗೆ ಪ್ರಮಾಣ ಸಿಕ್ಕಿದಂತೆ: ನೋಡು, ನಾವು ಹೇಳಲಿಲ್ಲವೇ, ಬೇಗ ಎದ್ದು ಓಡಾಡಿದ್ದಕ್ಕೇ ಹೀಗಾಯಿತು.

ನರ ಮೊದಲಿನಂತಾಗುವುದಕ್ಕೆ ಅದರದೇ ಒಂದು ಸರದಿ ಇದೆ. ಸಾಮಾನ್ಯವಾಗಿ ಮೊದಲು ನೋವು ಹೋಗುತ್ತದೆ, ಆಮೇಲೆ ಬಲ ಬರುತ್ತದೆ, ಮರಗಟ್ಟಿದ್ದು ಕೊನೆಗೆ ತಿಳಿಯಾಗುತ್ತದೆ. ನರ ಬರೀ ಅದುಮಿಸಿಕೊಂಡಿದ್ದರೆ ವಾರಗಳ ಮಾತು. ಒಳಗಿನ ತಂತುಗಳೇ ಹಾಳಾಗಿದ್ದರೆ ಅವು ಮತ್ತೆ ಬೆಳೆದುಕೊಂಡು ಬರಬೇಕು, ಆ ಬೆಳವಣಿಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಮೊಣಕಾಲಿನ ಕೆಳಗಿನ ಸ್ನಾಯುವಿನವರೆಗೆ ಇರುವ ದೂರವನ್ನು ಒಂದು ಟೇಪು ಹಿಡಿದು ಅಳೆದುಕೊಂಡರೆ, ಪಾದ ಎತ್ತಲಾಗದೆ ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಬೀಳುವುದು ಎರಡು ವಾರದಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಒಂದೂವರೆ ವರ್ಷದವರೆಗೂ ಸ್ವಲ್ಪಸ್ವಲ್ಪವೇ ಬಲ ಬರುತ್ತಲೇ ಇರಬಹುದು. ಕೆಲವರಿಗೆ ಹೆಬ್ಬೆರಳಿನ ಮೇಲೋ ಪಾದದ ಹೊರ ಅಂಚಿನಲ್ಲೋ ಒಂದು ಮರಗಟ್ಟಿದ ಜಾಗ ಕಾಯಮ್ಮಾಗಿ ಉಳಿದುಬಿಡುತ್ತದೆ. ಅದು ಉಳಿದ ಮಾತ್ರಕ್ಕೆ ಆಪರೇಷನ್ ಸೋತಿತೆಂದಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಬೆನ್ನಿನಲ್ಲಿ ಮಾಡಿದ ಆಪರೇಷನ್ ಆದರೂ ಇದನ್ನು ಮಾಡುವುದು ಕಾಲಿನ ನೋವಿಗಾಗಿ. ಸೊಂಟದಲ್ಲಿ ಮೊದಲಿನಿಂದ ಇದ್ದ ನೋವು ಇದರಿಂದ ಹೋಗಿಯೇ ತೀರುತ್ತದೆಂಬ ಖಾತ್ರಿ ಯಾರೂ ಕೊಡುವಂತಿಲ್ಲ. ಆದರೆ ನೋಡಲು ಬಂದವರೆಲ್ಲ ಕೇಳುವುದು ‘ಬೆನ್ನು ನೋವು ಪೂರ್ತಿ ಹೋಯ್ತಾ?’ ಎಂದೇ. ಇಲ್ಲ ಎಂದರೆ ಆಪರೇಷನ್ ಮಾಡಿಸಿದ್ದೇ ದಂಡ ಎಂದು ಅವರು ಎದ್ದು ಹೋಗುತ್ತಾರೆ, ರೋಗಿಯೂ ಆ ರಾತ್ರಿ ಹಾಗೇ ಯೋಚಿಸುತ್ತ ಮಲಗುತ್ತಾರೆ.

ಹಾಗಾದರೆ ಆಪರೇಷನ್ನಿನಿಂದ ಸಿಗುವುದೇನು? ಇದಕ್ಕೂ ಡಚ್ ವೈದ್ಯರದೇ ಒಂದು ಒಳ್ಳೆಯ ಉತ್ತರವಿದೆ, 2007ರದು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ, ಎಂದರೆ ಕಾಲಿಗೆ ಇಳಿಯುವ ಈ ನರದ ನೋವು, ಅನುಭವಿಸಿದ 283 ಜನರಲ್ಲಿ ಅರ್ಧದಷ್ಟು ಮಂದಿಗೆ ಬೇಗ ಆಪರೇಷನ್, ಉಳಿದವರಿಗೆ ಕಾದು ನೋಡುವ ಚಿಕಿತ್ಸೆ. ಕಾದವರಲ್ಲಿ ಹತ್ತಕ್ಕೆ ನಾಲ್ವರು ಕೊನೆಗೆ ಆಪರೇಷನ್ನಿಗೇ ಬಂದರು. ಬೇಗ ಮಾಡಿಸಿಕೊಂಡವರ ಕಾಲು ನೋವು ಬಹಳ ಬೇಗ ಇಳಿಯಿತು. ಆದರೆ ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಚೇತರಿಸಿಕೊಂಡವರು ನೂರಕ್ಕೆ ತೊಂಬತ್ತೈದು. ನಾನು ಇದನ್ನು ಓದುವುದು ಹೀಗೆ: ಆಪರೇಷನ್ ಕೊಡುವುದು ಕಾಲಾವಕಾಶ. ನರಕ್ಕೆ ತೀರಾ ಅಪಾಯವಿದ್ದವರನ್ನು ಬಿಟ್ಟರೆ, ಉಳಿದವರಿಗೆ ಅದು ಹಿಂಸೆಯ ಕೆಲವು ತಿಂಗಳನ್ನು ಕಳೆದುಕೊಡುತ್ತದೆ. ಇಷ್ಟು ದುಡ್ಡು, ಇಷ್ಟು ಧೈರ್ಯ ಕೊಟ್ಟು ಪಡೆದ ಆ ತಿಂಗಳುಗಳನ್ನು ಮಂಚದ ಮೇಲೆ ಕಳೆಯುವುದಾದರೆ ಪಡೆದದ್ದೇಕೆ?

ಈಗ ಮನೆಯ ಮಾತಿಗೆ ಬರುತ್ತೇನೆ. ಅದರ ಹಿಂದಿರುವ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ಮನೆಗಳಿಗೆ ಆರೈಕೆ ಎಂದರೆ ತಲೆತಲಾಂತರದಿಂದ ಗೊತ್ತಿರುವ ಮಾದರಿ ಬಾಣಂತನ: ಬೆಚ್ಚಗೆ ಮಲಗಿಸುವುದು, ನೀರು ಮುಟ್ಟಲು ಬಿಡದಿರುವುದು, ಕುಳಿತಲ್ಲಿಗೆ ಊಟ. ಯಾವ ದೊಡ್ಡ ಆಪರೇಷನ್ ಆದರೂ ಅಮ್ಮಂದಿರು, ಅತ್ತೆಯರು ಅದನ್ನೇ ಮಾಡುತ್ತಾರೆ. ಜೊತೆಗೆ ಹಿಂದಿನ ಕಾಲದ ದೊಡ್ಡ ಕೊಯ್ತದ ಆಪರೇಷನ್ ಆದವರು ವಾರಗಟ್ಟಲೆ ಮಲಗಿದ್ದನ್ನು ಊರು ನೋಡಿದೆ. ಬೆನ್ನಿಗೆ ಕೈ ಹಾಕಿಸಿದರೆ ಕಾಲೇ ಬಿದ್ದುಹೋಗುತ್ತದೆ ಎಂಬ ಹೆದರಿಕೆ ಇವತ್ತಿಗೂ ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ.

ಆದರೆ ವೈದ್ಯಕೀಯ ಲೋಕ ಮಂಚದ ವಿಶ್ರಾಂತಿಯ ಮೇಲಿನ ನಂಬಿಕೆ ಬಿಟ್ಟು ಬಹಳ ಕಾಲವಾಯಿತು. 1986ರಲ್ಲೇ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು, ಸಾಧಾರಣ ಸೊಂಟನೋವಿನವರಿಗೆ ಏಳು ದಿನ ಮಲಗುವುದಕ್ಕಿಂತ ಎರಡು ದಿನ ಮಲಗುವುದೇ ಸಾಕು, ಹಾಗೆ ಮಾಡಿದವರು ಕೆಲಸಕ್ಕೆ ಬೇಗ ಮರಳುತ್ತಾರೆ ಎಂದು ತೋರಿಸಿದ್ದರು. ಅದು ಆಪರೇಷನ್ ಆಗದವರ ಕುರಿತದ್ದು. ಆದವರ ಕುರಿತು ಸ್ಟ್ಯಾನ್‌ಫರ್ಡಿನ ಯೂಜೀನ್ ಕ್ಯಾರಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಗಟ್ಟಿ. 152 ರೋಗಿಗಳಿಗೆ ಡಿಸ್ಕ್ ಆಪರೇಷನ್ ಮಾಡಿ, ಆಮೇಲೆ ಯಾವ ನಿರ್ಬಂಧವನ್ನೂ ಹಾಕದೆ, ನಿಮಗೆ ಆದಷ್ಟು ಬೇಗ ಮಾಮೂಲಿ ಬದುಕಿಗೆ ಮರಳಿ ಎಂದು ಕಳಿಸಿದರು. ಸರಾಸರಿ ಒಂದೂಕಾಲು ವಾರದೊಳಗೇ ಅವರು ಕೆಲಸಕ್ಕೆ ಮರಳಿದ್ದರು. ಹೋಲಿಸಿ ನೋಡಲು ನಿರ್ಬಂಧ ಹಾಕಿದ ಇನ್ನೊಂದು ಗುಂಪು ಅಲ್ಲಿರಲಿಲ್ಲ ಎಂಬುದು ಅದರ ಮಿತಿ. ಆದರೆ ಮುಂದೆ ಪುನಶ್ಚೇತನದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಮೀಕ್ಷೆಯೂ, ನಾಲ್ಕರಿಂದ ಆರು ವಾರದ ಹೊತ್ತಿಗೆ ಶುರು ಮಾಡಿದ ವ್ಯಾಯಾಮದಿಂದ ನೋವು, ಅಸಹಾಯಕತೆ ಬೇಗ ಇಳಿಯುತ್ತವೆ, ಚಟುವಟಿಕೆಯಿಂದ ಮರು ಆಪರೇಷನ್ ಹೆಚ್ಚಾಗುತ್ತದೆಂಬುದಕ್ಕೆ ಪುರಾವೆ ಇಲ್ಲ ಎಂದೇ ಹೇಳಿತು. ಆ ಪುರಾವೆಗಳ ಗುಣಮಟ್ಟ ಬಹಳ ಮೇಲ್ಮಟ್ಟದ್ದಲ್ಲ ಎಂದೂ ಅದೇ ಸಮೀಕ್ಷೆ ಒಪ್ಪುತ್ತದೆ. ಒಪ್ಪಿದರೂ ತಕ್ಕಡಿ ವಾಲುವುದು ಓಡಾಟದ ಕಡೆಗೇ.

ಕೂರಬಾರದೆಂಬ ಕಟ್ಟಳೆಯ ಕಥೆ ಕೇಳಿ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಡಿಸ್ಕಿನ ಒಳಗೇ ಸೂಜಿ ಇಟ್ಟು ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕೂತಾಗ ಒತ್ತಡ ಹೆಚ್ಚು ಎಂದು ಬಂತು. ಆ ಚಿತ್ರ ಪಠ್ಯಪುಸ್ತಕಗಳನ್ನೂ ಫಿಸಿಯೋಥೆರಪಿ ಕೋಣೆಗಳ ಗೋಡೆಗಳನ್ನೂ ಸೇರಿ, ಡಿಸ್ಕಿನವರು ಕೂರಬಾರದು ಎಂಬ ಆಜ್ಞೆಯಾಯಿತು. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಮತ್ತೆ ಅಳೆದಾಗ, ಆರಾಮಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ತುಸು ಕಡಿಮೆಯೇ ಇತ್ತು. ಕುರ್ಚಿಗೆ ಒರಗಿ ಜಾರಿ ಕೂತಾಗ ಇನ್ನೂ ಕಡಿಮೆ. ಅವರು ಅಳೆದದ್ದು ಒಬ್ಬನೇ ವ್ಯಕ್ತಿಯನ್ನು, ಹಾಗಾಗಿ ಅದನ್ನೂ ಶಾಸನ ಮಾಡಬೇಕಿಲ್ಲ. ಆದರೆ ಹಳೆಯ ಅಳತೆಯ ಮೇಲೆ ಕಟ್ಟಿದ ಆಜ್ಞೆ ಇಷ್ಟು ಭದ್ರವಾಗಿ ನಿಲ್ಲುವ ಅರ್ಹತೆ ಪಡೆದಿಲ್ಲ. ಹೊಸದರಲ್ಲಿ ಬಹಳ ಹೊತ್ತು ಒಂದೇ ಸಮ ಕೂತರೆ ನೋವಾಗುತ್ತದೆ, ನಿಜ. ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂತರಾಯಿತು. ಊಟದ ಮೇಜಿನ ಹತ್ತಿರ ನಿಂತೇ ಊಟ ಮಾಡುವವರನ್ನು ನಾನು ನೋಡಿದ್ದೇನೆ, ವರ್ಷ ಕಳೆದ ಮೇಲೂ. ಅವರಿಗೆ ಯಾರೂ ‘ಇನ್ನು ಕೂರಬಹುದು’ ಎಂದು ಹೇಳಿರಲಿಲ್ಲ, ಅಷ್ಟೆ.

ಶಸ್ತ್ರವೈದ್ಯರ ಎಚ್ಚರಿಕೆಗೂ ಕಾರಣವಿದೆ. ಡಿಸ್ಕಿನ ತೂತು ಹಾಗೇ ಇರುವುದರಿಂದ ನೂರಕ್ಕೆ ಐದರಿಂದ ಹದಿನೈದು ಜನರಲ್ಲಿ ಅದೇ ಜಾಗದಲ್ಲಿ ತಿರುಳು ಮತ್ತೆ ಹೊರಬರಬಹುದು. ತೂತು ದೊಡ್ಡದಿದ್ದರೆ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಆ ಸಂಭವ ಹೆಚ್ಚು. ಆದ್ದರಿಂದ ಮೊದಲ ನಾಲ್ಕಾರು ವಾರ ಭಾರ ಎತ್ತಬೇಡಿ, ಭಾರ ಹಿಡಿದು ತಿರುಚಬೇಡಿ, ಸ್ಕೂಟರಿನಲ್ಲಿ ಹಂಪುಗಳ ಮೇಲೆ ಕುಲುಕಾಡಬೇಡಿ ಎನ್ನುವುದು ನ್ಯಾಯವಾದ ಮಾತು. ನನಗೆ ಒಪ್ಪಿಗೆಯಾಗದಿರುವುದು ಮುಕ್ತಾಯದ ತಾರೀಖಿಲ್ಲದ ನಿಷೇಧ. ‘ಬಗ್ಗಬೇಡಿ, ಭಾರ ಎತ್ತಬೇಡಿ’ ಎಂದು ಬಿಡುಗಡೆಯ ಚೀಟಿಯಲ್ಲಿ ಬರೆದದ್ದು ಎಲ್ಲಿಯವರೆಗೆ ಎಂದು ಬರೆದಿರುವುದಿಲ್ಲ. ಬರೆಯದಿದ್ದುದನ್ನು ರೋಗಿ ಜನ್ಮವಿಡೀ ಎಂದೇ ಓದಿಕೊಳ್ಳುತ್ತಾರೆ. ಸೊಂಟದ ಬೆಲ್ಟಿನ ಕಥೆಯೂ ಇದೇ. ಆಟೋದಲ್ಲಿ ಮನೆಗೆ ಬರುವಾಗ ಕಟ್ಟಿಕೊಂಡದ್ದು ವರ್ಷವಾದರೂ ಸೀರೆಯ ಒಳಗೆ, ಅಂಗಿಯ ಒಳಗೆ ಇರುತ್ತದೆ. ಬೆನ್ನನ್ನು ಹಿಡಿದು ನಿಲ್ಲಿಸಬೇಕಾದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ, ಸೊರಗಿದ್ದಕ್ಕೇ ಬೆಲ್ಟ್ ಬಿಚ್ಚಿದರೆ ನೋವು, ನೋವಾಯಿತೆಂದು ಮತ್ತೆ ಬೆಲ್ಟ್. ರಕ್ತಸಂಚಾರವಿಲ್ಲದ ಡಿಸ್ಕಿಗೆ ಪೋಷಣೆ ಸುತ್ತಣ ಮೂಳೆಯಿಂದ ಒಸರಿಕೊಂಡೇ ಬರಬೇಕು. ಅದಕ್ಕೂ ಚಲನೆ ಒಳ್ಳೆಯದೇ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದದ್ದು ಉಳಿದಿದೆ. ಎರಡು ವಾರಕ್ಕೆ ಕೆಲಸಕ್ಕೆ ಹೋಗಬಹುದು ಎನ್ನುವಾಗ ಆ ‘ಕೆಲಸ’ ಯಾರದು? ಈ ಲೆಕ್ಕ ಹುಟ್ಟಿದ್ದು ಮೇಜಿನ ಮುಂದೆ ಕೂತು ದುಡಿಯುವವರನ್ನು ಕಣ್ಣ ಮುಂದಿಟ್ಟುಕೊಂಡು. ಹೊರರೋಗಿಗಳ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಮಂಡ್ಯದ ಕಡೆಯ ಹೆಂಗಸೊಬ್ಬರು ಹೇಳಿದರು: ‘ಕೆಲ್ಸಕ್ಕೆ ಎಲ್ಲಿಗೋಯ್ತೀರಿ ಅಂತ ಡಾಕ್ಟ್ರು ಕೇಳುದ್ರು ಕಣವ್ವ. ಎಲ್ಲೂ ಇಲ್ಲ ಸಾರ್, ಮನೇಲೇ ಇರೋದು ಅಂದೆ. ಅಂಗಾದ್ರೆ ಯೋಚ್ನೆ ಇಲ್ಲ ಬುಡಿ ಅಂದ್ರು.’ ಆಮೇಲೆ ತಮ್ಮ ದಿನವನ್ನು ವಿವರಿಸಿದರು. ಎರಡು ಹಸು, ಬೆಳಗ್ಗೆ ಎದ್ದು ಸಗಣಿ ಬಾಚಿ ಮಂಕರಿಯಲ್ಲಿ ತಿಪ್ಪೆಗೆ ಹೊರುವುದು. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುವುದು. ಸೊಂಟ ಮುರಿದು ಮೋಟು ಪೊರಕೆಯಲ್ಲಿ ಅಂಗಳ ಗುಡಿಸುವುದು. ನಲ್ಲಿ ಬಂದ ದಿನ ಕೊಡ ಹೊರುವುದು, ಬಟ್ಟೆ ಕಲ್ಲಿನ ಮೇಲೆ ಒಗೆಯುವುದು, ಐದಾರು ಜನಕ್ಕೆ ಮುದ್ದೆ ತಿರುವುವುದು. ಬಗ್ಗುವುದು, ಎತ್ತುವುದು, ಎತ್ತಿಕೊಂಡು ತಿರುಗುವುದು, ಮೂರೂ ಆ ದಿನದಲ್ಲಿ ಎಷ್ಟು ಸಲ ಬರುತ್ತವೆ! ಇದನ್ನು ಕೆಲಸವೆಂದು ಎಣಿಸದ ಚೀಟಿಯಲ್ಲಿ ‘ಹಗುರವಾದ ಮನೆಗೆಲಸ ಮಾಡಬಹುದು’ ಎಂದು ಇತ್ತು.

ಇಂಥವರಿಗೆ ಎರಡೂ ಮಾತು ಅನ್ಯಾಯ ಮಾಡುತ್ತವೆ. ಎರಡು ವಾರದ ಮಾತು ನಂಬಿದರೆ ಮನೆಯವರು ಕೊಡ ಕೈಗೆ ಕೊಡುತ್ತಾರೆ. ಮೂರು ತಿಂಗಳ ಮಾತು ನಂಬಿದರೆ ಹಸು ಮಾರಬೇಕಾಗುತ್ತದೆ, ಇಲ್ಲವೇ ಶಾಲೆಗೆ ಹೋಗುವ ಮಗಳು ಮನೆಯಲ್ಲಿ ನಿಲ್ಲುತ್ತಾಳೆ. ಗಾರೆ ಕೆಲಸದವರು, ಮೂಟೆ ಹೊರುವ ಹಮಾಲರು, ತೋಟದ ಕೂಲಿಯವರು, ದಿನಕ್ಕೆ ಹತ್ತು ಗಂಟೆ ಗುಂಡಿ ಬಿದ್ದ ರಸ್ತೆಯಲ್ಲಿ ಆಟೋ ಓಡಿಸುವವರು, ಇವರೆಲ್ಲರಿಗೂ ರಜೆ ಎಂದರೆ ಸಂಬಳವಿಲ್ಲದ ದಿನ. ಸ್ಟ್ಯಾನ್‌ಫರ್ಡಿನ ಫಲಿತಾಂಶವನ್ನು ಹಿಡಿದು ಹಮಾಲರನ್ನು ಎರಡನೆಯ ವಾರಕ್ಕೆ ಗೋದಾಮಿಗೆ ಕಳಿಸಿ ಎಂದು ನಾನು ವಾದಿಸುತ್ತಿಲ್ಲ. ಮಲಗಿಸಿ ಇಡುವುದೂ ಅವರನ್ನು ಮೂಟೆಗೆ ತಯಾರು ಮಾಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅವರಿಗೆ ಬೇಕಿರುವುದು ಮೆಟ್ಟಿಲುಗಳು: ಮೊದಲ ದಿನದಿಂದಲೇ ಮನೆಯೊಳಗೆ ನಡಿಗೆ, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಊರ ಸುತ್ತು; ತಿಂಗಳು ಕಳೆದ ಮೇಲೆ ಬೆನ್ನು ಹೊಟ್ಟೆಯ ಸ್ನಾಯುಗಳ ವ್ಯಾಯಾಮ; ಅರ್ಧ ಕೊಡದಿಂದ ಶುರುವಾಗಿ ಪೂರ್ತಿ ಕೊಡದವರೆಗೆ, ಅದನ್ನು ಎದೆಗೆ ಹತ್ತಿರ ಹಿಡಿದು, ಮಂಡಿ ಮಡಿಸಿ ಎತ್ತುವ ಅಭ್ಯಾಸ. ಕುಕ್ಕರಗಾಲಲ್ಲಿ ಕೂರುವುದನ್ನೂ ನೆಲಕ್ಕೆ ಚಕ್ಕಳಮಕ್ಕಳ ಹಾಕುವುದನ್ನೂ ನಿಷೇಧದ ಪಟ್ಟಿಯಿಂದ ತೆಗೆದು ಮತ್ತೆ ಕಲಿಯಬೇಕಾದ ಪಟ್ಟಿಗೆ ಸೇರಿಸಬೇಕು. ನೆಲವನ್ನು ಬಿಟ್ಟು ಬದುಕುವುದು ನಮ್ಮ ಬಹುಪಾಲು ಮನೆಗಳಲ್ಲಿ ಆಗದ ಮಾತು, ಬೇಕಾಗಿಯೂ ಇಲ್ಲ.

ಮೊದಲ ವಾರಗಳ ಮುಖ್ಯ ಔಷಧ ನಡಿಗೆಯೇ ಆಗಿರುವುದರಿಂದ ಇದಕ್ಕೆ ಯಂತ್ರ ಬೇಡ, ದೊಡ್ಡ ಕಟ್ಟಡ ಬೇಡ. ಆದರೆ ಯಾವಾಗ ಯಾವ ಮೆಟ್ಟಿಲು ಎಂದು ಹೇಳುವವರು ಬೇಕು. ಅಲ್ಲೇ ನಮ್ಮ ವ್ಯವಸ್ಥೆ ಕೈಬಿಡುವುದು. ಪ್ಯಾಕೇಜಿನ ದರ ಆಪರೇಷನ್ನಿನ ದಿನಕ್ಕೆ, ಹಾಸಿಗೆಗೆ, ಉಪಕರಣಕ್ಕೆ ಇರುತ್ತದೆ. ಆಮೇಲಿನ ವಾರಗಳ ಫಿಸಿಯೋಥೆರಪಿ ಹೆಚ್ಚಿನವರ ಪಾಲಿಗೆ ಕೈಯಿಂದ ಕೊಡುವ ಖರ್ಚು. ಪಟ್ಟಣದಿಂದ ದೂರದ ಹಳ್ಳಿಯವರು ಅದಕ್ಕಾಗಿ ಬಸ್ಸಿನಲ್ಲಿ ಕುಲುಕಿಕೊಂಡು ಬರಬೇಕು. ಬರುವುದಿಲ್ಲ. ಅಂಥವರಿಗೆ ಫೋನಿನಲ್ಲಿ ವಾರಕ್ಕೊಮ್ಮೆ ವಿಚಾರಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಬಹಳ ದೊಡ್ಡ ಆಸರೆ.

ಓಡಾಟದ ಪರವಾಗಿ ಇಷ್ಟು ಹೇಳಿದವಳು ಅಪಾಯದ ಸೂಚನೆಗಳನ್ನು ಹೇಳದೆ ಬಿಡುವಂತಿಲ್ಲ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿ ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಾದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಸಿದರೆ ಬೆಳಗಾಗುವವರೆಗೂ ಕಾಯಬಾರದು. ಗಾಯದಿಂದ ನೀರೋ ಕೀವೋ ಒಸರಿದರೆ, ಎದ್ದು ಕೂತರೆ ತಲೆ ಸಿಡಿದು ಮಲಗಿದರೆ ಇಳಿದರೆ, ಒಂದು ಹಂತಕ್ಕೆ ಸುಧಾರಿಸಿದ ಮೇಲೆ ಜ್ವರದೊಂದಿಗೆ ಸೊಂಟದಲ್ಲಿ ಹೊರಳಲಾಗದಂಥ ನೋವು ಶುರುವಾದರೆ, ಆಪರೇಷನ್ ಮಾಡಿದವರನ್ನೇ ಕೂಡಲೇ ಕಾಣಬೇಕು. ಇವು ಮಾಮೂಲಿ ಕೆರಳಿಕೆಗಳಲ್ಲ, ಮನೆಯಲ್ಲಿ ಶಾಖ ಕೊಟ್ಟು ಸುಧಾರಿಸುವಂಥವೂ ಅಲ್ಲ. ಈ ಐದಾರು ಸಾಲು ಎಲ್ಲ ಬಿಡುಗಡೆ ಚೀಟಿಗಳಲ್ಲೂ ಕನ್ನಡದಲ್ಲಿ, ಮೊದಲ ಪುಟದಲ್ಲಿ ಇರಬೇಕು.

ಅದೇ ಚೀಟಿಯಲ್ಲಿ ಇನ್ನೂ ಕೆಲವು ಬರಬೇಕು ಎಂಬುದು ನನ್ನ ಒತ್ತಾಯ. ಮೂರನೆಯ ವಾರ ಕಾಲು ಮತ್ತೆ ಸೆಳೆಯಬಹುದು ಎಂಬ ಮುನ್ಸೂಚನೆ. ಬೆಲ್ಟ್ ಬಿಚ್ಚುವ ವಾರ. ಪ್ರತಿ ನಿಷೇಧದ ಮುಂದೆ ಅದು ಮುಗಿಯುವ ತಾರೀಖು. ಮತ್ತು ಆರನೆಯ ವಾರದ ಭೇಟಿಯಲ್ಲಿ ‘ನೋವು ಹೇಗಿದೆ?’ ಎಂದು ಕೇಳಿ ಮಾತ್ರೆ ಬರೆದು ಕಳಿಸುವ ಬದಲು, ಎಷ್ಟು ದೂರ ನಡೆಯುತ್ತೀರಿ, ನೆಲದ ಮೇಲೆ ಕೂತು ಏಳುತ್ತೀರಾ, ಎಷ್ಟು ಭಾರ ಎತ್ತುತ್ತಿದ್ದೀರಿ, ಮನೆಯಲ್ಲಿ ಯಾವ ಕೆಲಸ ಮಾಡುತ್ತಿದ್ದೀರಿ, ಯಾವುದಕ್ಕೆ ಹೆದರುತ್ತಿದ್ದೀರಿ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಲು ಹತ್ತು ನಿಮಿಷ.